ಎರೆ ಹೊಲಕ್ಕೆ ಗರಸು ಸುರಿಯುವವರಿಗೆ

ನಿನ್ನೆ ಸಂಜೆಯಿಂದ ತಲೆ ಕಾದಿದೆ. ಬರೆಯದೆ ಸಮಾಧಾನ ಇಲ್ಲ.

ಗದಗದಿಂದ ಹುಬ್ಬಳ್ಳಿ ಕಡೆ ಬರುತ್ತಿದ್ದೆ. ರಸ್ತೆ ಪಕ್ಕದ ಹೊಲದಲ್ಲಿ ಜೆಸಿಬಿ ನಿಂತಿತ್ತು. ಈಚೆ ಹೊಲದಲ್ಲಿ ಕಡಲೆ ಹೂ ಬಿಟ್ಟಿದೆ, ಆಚೆ ಹೊಲದಲ್ಲಿ ಬಿಳಿಜೋಳ ಮೊಣಕಾಲೆತ್ತರ ಬಂದಿದೆ. ನಡುವಿನ ಹೊಲದಲ್ಲಿ ಮಾತ್ರ ಎರೆ, ಅಂದರೆ ಕಪ್ಪು ಜೇಡಿಮಣ್ಣು, ಕೆರೆದು ಕೆರೆದು ಟಿಪ್ಪರಿಗೆ ತುಂಬುತ್ತಿದ್ದಾರೆ. ಇನ್ನೊಂದು ಟಿಪ್ಪರ್ ಎಲ್ಲಿಂದಲೋ ಗುಡ್ಡದ ಗರಸು (ಕಲ್ಲುಹರಳಿನ ಗಟ್ಟಿ ಮಣ್ಣು) ತಂದು ಸುರಿಯುತ್ತಿದೆ. ಲೇಔಟ್ ಆಗುತ್ತಂತೆ. ಗಾಡಿ ನಿಲ್ಲಿಸಿ ಒಳಗೆ ಹೋದೆ. ಅವರು ತೆಗೆದಿದ್ದ ಗುಂಡಿ ಆಳೆತ್ತರ ಇತ್ತು. ತಳದವರೆಗೂ ಒಂದೇ ಕಪ್ಪು. ಜೆಸಿಬಿ ಹುಡುಗ ಬೇಸತ್ತು ಹೇಳಿದ: "ಎಷ್ಟ್ ಆಳ ಹೋದ್ರೂ ಎರೀನ ಐತ್ರೀ ಸರ್. ಗರಸು ಹತ್ತವಲ್ದು."

ಆ ಹುಡುಗನಿಗೆ ಅದೊಂದು ತೊಂದರೆ. ಒಕ್ಕಲುತನ ಗೊತ್ತಿದ್ದವರಿಗೆ ಅದು ಭಾಗ್ಯ. ಅಷ್ಟು ಆಳದ ಎರೆ ಸಿಗಬೇಕು ಅಂದರೆ ಪುಣ್ಯ ಮಾಡಿರಬೇಕು ಅಂತ ನಮ್ಮ ಅಪ್ಪ ಹೇಳುತ್ತಿದ್ದರು.

ನನ್ನ ಸಿಟ್ಟು ಒಂದೇ. ಬೆಳೆಗೆ ಎಲ್ಲಕ್ಕಿಂತ ಒಳ್ಳೆಯ ಮಣ್ಣು, ಮನೆ ಕಟ್ಟೋದಕ್ಕೆ ಎಲ್ಲಕ್ಕಿಂತ ಕೆಟ್ಟ ಮಣ್ಣು. ಎರಡೂ ಇದೇ ಎರೆ. ನಾವು ಹುಡುಕಿ ಹುಡುಕಿ ಇದರ ಮೇಲೇ ಮನೆ ಕಟ್ಟುತ್ತಿದ್ದೇವೆ.

ಗೆಳೆಯರಿಗೆ ಗೊತ್ತು, ನಾನು ಮಣ್ಣು ಓದಿದವನು, ಒಕ್ಕಲುತನದ ಮನೆಯವನು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳ್ತೀನಿ, ಬೇಜಾರಾಗಬೇಡಿ.

ಗದಗ, ರೋಣ, ನರಗುಂದ, ನವಲಗುಂದ, ಅಣ್ಣಿಗೇರಿ ಸುತ್ತಮುತ್ತ ಬಹುಪಾಲು ಎರೆ. ವಿಜಯಪುರದ ಎರೆ ಬಸಾಲ್ಟ್ ಕಲ್ಲು ಶಿಥಿಲವಾಗಿ ಆದದ್ದು. ಗದಗ ಸೀಮೆಯಲ್ಲಿ ಬೇರೆ ಕಲ್ಲು, ಪದರಗಲ್ಲು. ಆದರೂ ಮಣ್ಣಿನ ಗುಣ ಹೆಚ್ಚುಕಡಿಮೆ ಅದೇ. ಈ ಮಣ್ಣಲ್ಲಿ ಅರ್ಧಕ್ಕಿಂತ ಜಾಸ್ತಿ ಜೇಡಿಯೇ ಇರುತ್ತದೆ, ಅದರಲ್ಲೂ ನೀರು ಕುಡಿದರೆ ಉಬ್ಬುವ, ಒಣಗಿದರೆ ಕುಗ್ಗುವ ಜಾತಿಯ ಜೇಡಿ. ಬೇಸಿಗೆಯಲ್ಲಿ ಎರೆ ಹೊಲದಲ್ಲಿ ನಡೆದವರಿಗೆ ಗೊತ್ತು, ಅಂಗೈ ಹೋಗುವಷ್ಟು ಅಗಲದ ಬಿರುಕು. ಕೋಲು ಇಳಿಬಿಟ್ಟರೆ ಗಜದಷ್ಟು ಒಳಗೆ ಹೋಗುತ್ತದೆ. ಮೇಲಿನ ಪುಡಿಮಣ್ಣು ಆ ಬಿರುಕಿಗೆ ಉದುರುತ್ತದೆ, ಮಳೆ ಬಂದಾಗ ಬಿರುಕು ಮುಚ್ಚುತ್ತದೆ, ಒಳಗಿನ ಮಣ್ಣು ಮೇಲೆ ಏಳುತ್ತದೆ. ರಂಟೆ ಹೊಡೆಯದಿದ್ದರೂ ಹೊಲ ತನ್ನನ್ನು ತಾನೇ ಮಗುಚಿಕೊಳ್ಳುತ್ತದೆ.

ಒಂದು ಮೀಟರ್ ಆಳದ ಎರೆ ಸುಮಾರು 150ರಿಂದ 200 ಮಿ.ಮೀ. ಮಳೆಯಷ್ಟು ನೀರನ್ನು ಬೆಳೆಗೆ ಸಿಗುವ ಹಾಗೆ ಹಿಡಿದಿಡಬಲ್ಲದು. ಗದಗ ಸೀಮೆಗೆ ವರ್ಷಕ್ಕೆ ಬೀಳೋದೇ ಸುಮಾರು 600 ಮಿ.ಮೀ. ಹಗೇವಿನಲ್ಲಿ, ಅಂದರೆ ನೆಲದೊಳಗಿನ ಕಣಜದಲ್ಲಿ, ಜೋಳ ಇಟ್ಟ ಹಾಗೆ ಈ ಮಣ್ಣು ಮಳೆಯನ್ನು ಇಟ್ಟುಕೊಳ್ಳುತ್ತದೆ. ಉತ್ತರಿ, ಹಸ್ತ, ಚಿತ್ತಿ ಮಳೆ ಚೆನ್ನಾಗಿ ಆಗಿಬಿಟ್ಟರೆ ಸಾಕು, ಮುಂದೆ ಒಂದು ಹನಿ ಬೀಳದಿದ್ದರೂ ಹಿಂಗಾರಿ ಜೋಳ, ಕಡಲೆ, ಕುಸುಬೆ, ಜವಾರಿ ಗೋದಿ ಬರುತ್ತವೆ. ಬೋರ್‌ವೆಲ್ ಬೇಡ, ಕಾಲುವೆ ಬೇಡ, ಕರೆಂಟಿಗೆ ಕಾಯೋದು ಬೇಡ. ಮಸಾರಿ, ಅಂದರೆ ಕೆಂಪು ಮಣ್ಣಿನ ಹೊಲಕ್ಕೆ ಈ ತಾಕತ್ತು ಇಲ್ಲ. ಅಲ್ಲಿ ನೀರು ಬೇಗ ಬಸಿದುಹೋಗುತ್ತದೆ, ಮುಂಗಾರಿಯಲ್ಲಿ ಶೇಂಗಾ, ಸಜ್ಜೆ ತೆಗೆದುಕೊಂಡು ಸುಮ್ನಾಗಬೇಕು. ಬ್ಯಾಡಗಿ ಮೆಣಸಿನಕಾಯಿಯ ಬಣ್ಣವನ್ನು ಎಲ್ಲರೂ ಹೊಗಳುತ್ತಾರೆ, 2011ರಲ್ಲಿ ಅದಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಅದು ಬೆಳೆಯೋದು ಹೆಚ್ಚಾಗಿ ಕುಂದಗೋಳ, ಹುಬ್ಬಳ್ಳಿ, ಗದಗ ಸೀಮೆಯ ಇದೇ ಎರೆಯಲ್ಲಿ ಅಲ್ವಾ?

ಈಗ ಇದೇ ಮಣ್ಣಿನ ಮೇಲೆ ಮನೆ ಕಟ್ಟಿ ನೋಡಿ.

ನನ್ನ ಸ್ನೇಹಿತನೊಬ್ಬ ಇಂಥದ್ದೇ ಲೇಔಟಿನಲ್ಲಿ ಕಟ್ಟಿದ. ಸಾಲ ಮಾಡಿ, ಹೆಂಡತಿಯ ಬಂಗಾರ ಇಟ್ಟು ಕಟ್ಟಿದ ಮನೆ. ಮೊದಲ ಬೇಸಿಗೆಗೆ ಕಿಟಕಿಯ ಮೂಲೆಯಿಂದ ಓರೆಯಾಗಿ ಕೂದಲೆಳೆ ಬಿರುಕು. ಪುಟ್ಟಿ ತುಂಬಿದ. ಮಳೆಗಾಲದಲ್ಲಿ ಬಿರುಕು ಕೂಡಿತು, ಆದರೆ ಅಡುಗೆಮನೆ ಬಾಗಿಲು ಚೌಕಟ್ಟಿಗೆ ಕಚ್ಚಿಕೊಂಡಿತು. ಮರುವರ್ಷ ಮಾರ್ಚಿಗೆ ಅದೇ ಬಿರುಕು ಬಾಯಿ ಬಿಟ್ಟಿತು, ಈ ಸಲ ಐದು ರೂಪಾಯಿ ನಾಣ್ಯ ಹೋಗುವಷ್ಟು. ಗಿಲಾವಿನ ಕೆಲಸ ಸರಿ ಇಲ್ಲ ಅಂತ ಗೌಂಡಿಯನ್ನು ಬೈದ. ಪಾಪ, ಆ ಗೌಂಡಿ ಏನು ಮಾಡಿದ್ದ? ಅಡಿಪಾಯದ ಕೆಳಗಿನ ನೆಲವೇ ವರ್ಷಕ್ಕೊಮ್ಮೆ ಉಬ್ಬಿ ವರ್ಷಕ್ಕೊಮ್ಮೆ ಇಳಿಯುವಾಗ ಗೋಡೆ ಎಷ್ಟಂತ ತಡೆಯುತ್ತೆ?

"ಇದಕ್ಕೆಲ್ಲ ಈಗ ಪರಿಹಾರ ಇದೆ" ಅಂತ ಎಂಜಿನಿಯರ್ ಗೆಳೆಯರು ಕೆಳಗೆ ಬರೆಯುತ್ತಾರೆ, ಗೊತ್ತು. ಇದೆ, ಒಪ್ತೀನಿ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗಾಗಿಯೇ ಬುಡದಲ್ಲಿ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ವಿಧಾನ ರೂಪಿಸಿದೆ. ಉಬ್ಬದ ಮಣ್ಣಿನ ದಪ್ಪ ಪದರ ಹಾಸಿ ಎರೆಯ ಒತ್ತಡ ತಡೆಯುವ ವಿಧಾನವೂ ಇದೆ. ಸರಿ. ಆದರೆ 30-40ರ ಸೈಟಿನಲ್ಲಿ ಮನೆ ಕಟ್ಟುವ ಮೇಷ್ಟ್ರು, ಕಂಡಕ್ಟರು, ಅಂಗಡಿಯವರು ಎಷ್ಟು ಜನ ಪೈಲ್ ಹಾಕಿಸುತ್ತಾರೆ ಹೇಳಿ. ಪ್ಲಾಟ್ ಮಾರುವಾಗ ಯಾರಾದರೂ ಅವರಿಗೆ ಮಣ್ಣಿನ ಬಗ್ಗೆ ಒಂದು ಮಾತು ಹೇಳುತ್ತಾರಾ? ಮೇಲೆ ಒಂದು ಅಡಿ ಗರಸು ಹಾಕಿ ರೋಲರ್ ಹೊಡೆದರೆ ನೋಡೋದಕ್ಕೆ ಗಟ್ಟಿ ನೆಲ. ಕೊಳ್ಳುವವರಿಗೆ ಕಾಣೋದು ಆ ಗರಸು ಮಾತ್ರ.

ಇನ್ನೊಂದು ಮಾತು ಬರುತ್ತದೆ, ಅದು ನನಗೆ ನಿಜವಾಗಿ ನೋವು ಕೊಡುವಂಥದ್ದು. ರೈತರಿಗೆ ರೊಕ್ಕ ಬೇಡವಾ? ಮಾರುವ ಹಕ್ಕು ಅವರದ್ದಲ್ವಾ? ಈ ಪ್ರಶ್ನೆ ನನ್ನ ಮನೆಯಲ್ಲೇ ಇದೆ. ನಮ್ಮ ಹೊಲಕ್ಕೂ ಕೇಳಿಕೊಂಡು ಬಂದಿದ್ದಾರೆ. ತಮ್ಮ ಮಾರೋಣ ಅನ್ನುತ್ತಾನೆ. "ಅಣ್ಣಾ, ಜ್ವಾಳ ಬೆಳದು ಅಷ್ಟು ರೊಕ್ಕ ಯಾವಾಗ ನೋಡೋದು?" ಅಂತ ಕೇಳಿದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಿಲ್ಲ. ಹಬ್ಬಕ್ಕೆ ಕೂಡಿದಾಗಲೂ ಸರಿಯಾಗಿ ಮಾತಾಡಿಲ್ಲ. ಇದನ್ನು ಇಲ್ಲಿ ಬರೆಯಬೇಕೋ ಬೇಡವೋ ಅನ್ನಿಸಿತು, ಆದರೆ ಮುಚ್ಚಿಟ್ಟು ಬೇರೆಯವರಿಗೆ ಬುದ್ಧಿ ಹೇಳೋದು ಸರಿಯಲ್ಲ.

ಹಾಗಾಗಿ ಮಾರುವ ರೈತರ ಮೇಲೆ ನನಗೆ ಸಿಟ್ಟಿಲ್ಲ. 2023ನ್ನು ಸಿರಿಧಾನ್ಯ ವರ್ಷ ಅಂತ ಇಡೀ ಜಗತ್ತು ಆಚರಿಸಿತು, ಜೋಳವೂ ಅದರಲ್ಲಿತ್ತು. ಆದರೂ ಜೋಳ ಬೆಳೆಯುವವರ ಕೈಗೆ ಬದುಕುವಷ್ಟು ದರ ಬರಲಿಲ್ಲ. ನನ್ನ ಸಿಟ್ಟು ಊರು ಎಲ್ಲಿ ಬೆಳೆಯಬೇಕು ಅಂತ ತೀರ್ಮಾನ ಮಾಡುವವರ ಮೇಲೆ. ಊರು ಬೆಳೆಯಲೇಬೇಕು, ಮನೆ ಬೇಕೇ ಬೇಕು. ಆದರೆ ಗದಗಿನ ದಕ್ಷಿಣಕ್ಕೆ ನಾಗಾವಿ ಕಡೆ ಹೋಗಿ, ಕಲ್ಲು-ಗರಸಿನ ನೆಲ ಸಿಗುತ್ತದೆ. ಮುಂಡರಗಿ, ಶಿರಹಟ್ಟಿ ತಾಲ್ಲೂಕುಗಳಲ್ಲಿ ಮಸಾರಿ ಬೇಕಾದಷ್ಟಿದೆ. ತೆಳು ಮಣ್ಣಿನ ಮಡ್ಡಿ ನೆಲ ಪ್ರತಿ ಊರಿನ ಹತ್ತಿರವೂ ಒಂದಿಷ್ಟು ಇರುತ್ತದೆ. ನಮ್ಮ ಹಳೇ ಊರು ಇರೋದೇ ಗರಸು ದಿಬ್ಬದ ಮೇಲೆ, ಸುತ್ತ ಎರೆ. ಹಗೇವು ತೋಡಿದ್ದೂ ಆ ದಿಬ್ಬದಲ್ಲೇ. ಹಿರಿಯರು ಎರೆಯಲ್ಲಿ ಬಿತ್ತಿದರು, ಗರಸಿನ ಮೇಲೆ ಮಲಗಿದರು.

ಭೂಮಿಯನ್ನು ಎನ್‌ಎ, ಅಂದರೆ ಕೃಷಿಯೇತರ, ಮಾಡಿಸಬೇಕಾದರೆ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಅರ್ಜಿ ಹಾಕಬೇಕು. ಉತಾರ (ಪಹಣಿ) ಬೇಕು, ಸರ್ವೆ ನಂಬರಿನ ಒಂದು ಭಾಗವಷ್ಟೇ ಆದರೆ ಆ ಭಾಗ ಅಳೆದು ತೋರಿಸುವ 11ಇ ನಕ್ಷೆಯೂ ಬೇಕು. ನಾನು ನೋಡಿದ ಯಾವ ಫೈಲಿನಲ್ಲೂ ಮಣ್ಣಿನ ಆಳ ಎಷ್ಟು, ಜಾತಿ ಯಾವುದು ಅನ್ನುವ ಒಂದು ಸಾಲು ಇರಲಿಲ್ಲ.

ಮಾಹಿತಿ ಇಲ್ಲ ಅಂತ ಯಾರೂ ಹೇಳಬೇಡಿ. ಇದನ್ನು ನೆನೆದರೇ ಹೊಟ್ಟೆ ಉರಿಯುತ್ತದೆ. ವಿಶ್ವಬ್ಯಾಂಕ್ ನೆರವಿನ ಸುಜಲ-3 ಜಲಾನಯನ ಯೋಜನೆಯಲ್ಲಿ ರಾಜ್ಯದ 11 ಜಿಲ್ಲೆಗಳಲ್ಲಿ ಭೂ ಸಂಪನ್ಮೂಲ ಸಮೀಕ್ಷೆ ಮಾಡಿದರು. ಗದಗ ಅದರಲ್ಲಿದೆ. ನಾಗಪುರದಲ್ಲಿ ಮುಖ್ಯ ಕಚೇರಿ ಇರುವ ರಾಷ್ಟ್ರೀಯ ಮಣ್ಣು ಸಮೀಕ್ಷಾ ಸಂಸ್ಥೆಯವರು, ಕೃಷಿ ವಿಶ್ವವಿದ್ಯಾಲಯಗಳವರು ಹೊಲಹೊಲ ತಿರುಗಿ ಗುಂಡಿ ತೆಗೆದು ಮಣ್ಣಿನ ಆಳ, ಇಳಿಜಾರು, ಸವಕಳಿ, ಸವಳು ಎಲ್ಲ ಬರೆದುಕೊಂಡರು. ಸರ್ವೆ ನಂಬರ್ ಕಾಣುವ ಹಾಗೆ ನಕ್ಷೆ ಮಾಡಿದರು. ಯಾವ ಬೆಳೆಗೆ ಆ ಹೊಲ ತುಂಬಾ ಸೂಕ್ತ, ಯಾವುದಕ್ಕೆ ಅಷ್ಟಕ್ಕಷ್ಟೇ, ಯಾವುದಕ್ಕೆ ಆಗೋದೇ ಇಲ್ಲ ಅಂತ ಬಣ್ಣ ಹಾಕಿ ತೋರಿಸಿದರು. ಇಷ್ಟೆಲ್ಲ ಕೆಲಸ ಮಾಡಿ ಇಟ್ಟಿರುವಾಗ, ಎನ್‌ಎ ಫೈಲಿಗೆ ಆ ಒಂದು ನಕ್ಷೆ ಲಗತ್ತಿಸಿ ಅಂತ ಕೇಳೋದು ಅಷ್ಟು ದೊಡ್ಡ ಮಾತಾ? ಮೂರು ಅಡಿಗಿಂತ ಆಳದ ಎರೆ ಇದ್ದರೆ ಸುಲಭಕ್ಕೆ ಎನ್‌ಎ ಕೊಡಬೇಡಿ, ಹತ್ತಿರದಲ್ಲಿ ಮಡ್ಡಿ ಇದೆಯಾ ಮೊದಲು ನೋಡಿ. ಇಷ್ಟೇ ನನ್ನ ಬೇಡಿಕೆ.

ಮಣ್ಣನ್ನು ಕೇಳದೆ ತೀರ್ಮಾನ ಮಾಡಿದರೆ ಏನಾಗುತ್ತೆ ಅಂತ ತುಂಗಭದ್ರಾ ಅಚ್ಚುಕಟ್ಟಿನಲ್ಲಿ ನೋಡಿದ್ದೇವೆ. ಜೋಳ, ಹತ್ತಿಯಂಥ ಮಿತ ನೀರಾವರಿ ಬೆಳೆಗೆ ಅಂತ ಯೋಚಿಸಿದ ಎರೆ ನೆಲದಲ್ಲೂ ಭತ್ತಕ್ಕೆ ನೀರು ನಿಲ್ಲಿಸಿದರು. ಸಿಂಧನೂರು, ಗಂಗಾವತಿ ಕಡೆ ಎಷ್ಟೋ ಹೊಲ ನೀರು ನಿಂತು, ಉಪ್ಪೇರಿ, ಸವಳು-ಜವಳಾಗಿ ಬೆಳ್ಳಗಾದವು. ಆದರೂ ಸವಳನ್ನು ಬಸಿಗಾಲುವೆ, ಜಿಪ್ಸಂ ಹಾಕಿ ಸ್ವಲ್ಪವಾದರೂ ರಿಪೇರಿ ಮಾಡಬಹುದು. ಟಿಪ್ಪರಿನಲ್ಲಿ ಹೋದ ಎರೆಯನ್ನು ತರೋದು ಎಲ್ಲಿಂದ? ಒಂದು ಇಂಚು ಮಣ್ಣಾಗೋದಕ್ಕೆ ನೂರಾರು ವರ್ಷ ಬೇಕು.

ಗದಗ-ಹುಬ್ಬಳ್ಳಿ ಸುತ್ತ ಪ್ಲಾಟ್ ನೋಡುತ್ತಿರುವ ಗೆಳೆಯರೇ, ಅಡ್ವಾನ್ಸ್ ಕೊಡುವ ಮೊದಲು ಆ ಜಾಗದಲ್ಲಿ ಐದಡಿ ಗುಂಡಿ ತೆಗೆಸಿ. ಕೆಳಗಿನ ಮಣ್ಣು ಒಂದು ಹಿಡಿ ತೆಗೆದು, ನೀರು ಹಾಕಿ ನಾದಿ, ಹೆಬ್ಬೆರಳಿನಿಂದ ಒತ್ತುತ್ತಾ ಪಟ್ಟಿ ಎಳೆಯಿರಿ. ಎರಡು ಇಂಚು ದಾಟಿದರೂ ತುಂಡಾಗದೆ, ಹೊಳಪಾಗಿ ಬಂದರೆ ಅದು ಅಪ್ಪಟ ಜೇಡಿ. ಆಮೇಲೆ ಆ ಪ್ಲಾಟ್ ಬೇಕೋ ಬೇಡವೋ ಯೋಚಿಸಿ. ಇನ್ನು ನಿಮ್ಮ ಊರಿನ ಸಮೀಕ್ಷೆ ನಕ್ಷೆ ಯಾರ ಹತ್ತಿರವಾದರೂ ಇದ್ದರೆ ದಯವಿಟ್ಟು ನನಗೆ ಕಳಿಸಿ. ಮುಂದಿನ ಗ್ರಾಮಸಭೆಗೆ ನಾನು ಅದನ್ನು ಹಿಡಿದುಕೊಂಡೇ ಹೋಗುವವನು. ತಮ್ಮನನ್ನೂ ಬಾ ಅಂತ ಕರೆಯುತ್ತೇನೆ.