ಹದಿನೆಂಟು ಗಂಟೆಗೊಮ್ಮೆ ಬಾಯಿ ಬಿಡುವ ಪ್ಲಗ್ಗು

2023ರಲ್ಲಿ ಗೃಹಜ್ಯೋತಿ ಯೋಜನೆ ಬಂದಾಗ ನಮ್ಮ ಮನೆಗೆ ಗೊತ್ತಾದ ಉಚಿತ ವಿದ್ಯುತ್ತು ತಿಂಗಳಿಗೆ 132 ಯೂನಿಟ್. ಹಿಂದಿನ ವರ್ಷದ ಸರಾಸರಿ 120ಕ್ಕೆ ಶೇಕಡಾ 10ನ್ನು ಸೇರಿಸಿದಾಗ ಬಂದ ಅಂಕಿ ಅದು. ಮೀರಿದರೆ ಮೀರಿದಷ್ಟಕ್ಕೆ ದುಡ್ಡು ಕಟ್ಟಬೇಕು. 200ನ್ನು ದಾಟಿದರೆ ಪೂರ್ತಿ ಬಿಲ್ಲೇ ತಲೆಯ ಮೇಲೆ ಬೀಳುತ್ತದೆ. ಅಮ್ಮ ಈ ಗಡಿಯನ್ನು ಯಾವ ಯಂತ್ರದ ನೆರವೂ ಇಲ್ಲದೆ ಕಾಯುತ್ತಿದ್ದಳು. ಭಾನುವಾರ ಬೆಳಿಗ್ಗೆ ಮೀಟರಿನ ಮುಂದೆ ನಿಂತು ಅಂಕಿಯನ್ನು ಓದಿಕೊಂಡು, ಕ್ಯಾಲೆಂಡರಿನಲ್ಲಿ ಹಾಲಿನ ಲೆಕ್ಕದ ಪಕ್ಕದಲ್ಲಿ ಬರೆದಿಟ್ಟರೆ ಅವಳ ವಿದ್ಯುತ್ ಇಲಾಖೆಯ ಕೆಲಸ ಮುಗಿಯುತ್ತಿತ್ತು. ಇಷ್ಟು ಸರಳವಾಗಿ ನಡೆಯುತ್ತಿದ್ದ ವ್ಯವಸ್ಥೆಯನ್ನು ನಾನು ಸುಧಾರಿಸಲು ಹೊರಟೆ.

ಗೋಡೆಯ ಸಾಕೆಟ್ಟಿಗೂ ಉಪಕರಣಕ್ಕೂ ನಡುವೆ ಕೂತು, ಉಪಕರಣ ಎಳೆಯುವ ವಿದ್ಯುತ್ತನ್ನು ಅಳೆಯುವ ಎಂಟು ಸ್ಮಾರ್ಟ್ ಪ್ಲಗ್ಗುಗಳು ಬಂದವು; ಜೊತೆಗೆ ಅವುಗಳ ಮಾತನ್ನು ಕೇಳಿ ಬರೆದಿಡಲು ಅಂಗೈ ಅಗಲದ ಒಂದು ಪುಟ್ಟ ಕಂಪ್ಯೂಟರ್. ಪ್ಲಗ್ಗುಗಳು ಜಿಗ್‌ಬೀ ಎಂಬ ನಿಸ್ತಂತು ಜಾಲದಲ್ಲಿ ಮಾತಾಡುತ್ತವೆ. ಅವು ಯಾವಾಗ ಮಾತಾಡಬೇಕೆಂಬುದನ್ನು ಮೂರು ಅಂಕಿಗಳಲ್ಲಿ ನಾವೇ ಹೇಳಿಕೊಡಬೇಕು. ಹಾಸ್ಟೆಲಿಗೆ ಹೊರಟ ಮಗನಿಗೆ ಹೇಳುವ ಮಾತೂ ಇದೇ: ಗಳಿಗೆಗೊಮ್ಮೆ ಫೋನು ಮಾಡಬೇಡ, ಏನಾದರೂ ವಿಶೇಷವಿದ್ದರೆ ಮಾಡು, ವಿಶೇಷವಿಲ್ಲದಿದ್ದರೂ ವಾರಕ್ಕೊಮ್ಮೆಯಾದರೂ ಮಾಡು. ಮೊದಲನೆಯದು ಕನಿಷ್ಠ ಅವಧಿ, ಕೊನೆಯದು ಗರಿಷ್ಠ ಅವಧಿ, ನಡುವಿನದು ಎಷ್ಟು ವ್ಯತ್ಯಾಸವಾದರೆ ‘ವಿಶೇಷ’ ಎನ್ನಬೇಕೆಂಬುದು. ನನ್ನ ಮಾನ ಹೋದದ್ದು ಈ ನಡುವಿನ ಅಂಕಿಯಿಂದ.

ಐದು ವಾಟ್ ಹೆಚ್ಚುಕಡಿಮೆಯಾದರೆ ತಿಳಿಸಲಿ ಎಂದು ನಾನು ಅಲ್ಲಿ 5 ಎಂದು ತುಂಬಿದೆ, ಕನಿಷ್ಠ ಅವಧಿಗೆ ಒಂದು ಸೆಕೆಂಡು ಕೊಟ್ಟೆ. ಆ ಪ್ಲಗ್ಗು ವಾಟಿನ ಹತ್ತನೆಯ ಒಂದು ಭಾಗವನ್ನು ಒಂದೆಂದು ಎಣಿಸುತ್ತದೆ, ಆದ್ದರಿಂದ ನನ್ನ ಐದು ಅದರ ಪಾಲಿಗೆ ಅರ್ಧ ವಾಟ್, ಎಂಬುದು ಆಗ ಗೊತ್ತಿರಲಿಲ್ಲ. ನಮ್ಮ ಬೀದಿಯ ಕರೆಂಟಿನ ವೋಲ್ಟೇಜು ಒಂದೆಡೆ ನಿಲ್ಲುವ ಜಾತಿಯದಲ್ಲ. ಅದು ತುಸು ಅಲುಗಿದರೂ ಫ್ರಿಜ್ಜು, ಟಿವಿ, ಗ್ರೈಂಡರುಗಳೆಲ್ಲ ಒಟ್ಟಿಗೆ ವರದಿ ಒಪ್ಪಿಸತೊಡಗಿದವು. ಗ್ರೈಂಡರಿನದು ಮಾತ್ರ ನೋಡುವಂತಿತ್ತು: ಉದ್ದು ನುಣ್ಣಗಾಗುತ್ತ ಬಂದಂತೆ ವಾಟ್ ನಿಧಾನವಾಗಿ ಇಳಿಯುವುದು ಗ್ರಾಫಿನ ಗೆರೆಯಲ್ಲಿ ಕಾಣುತ್ತಿತ್ತು. ಅಮ್ಮನನ್ನು ಕರೆದು ತೋರಿಸಿದರೆ, “ಸದ್ದು ಕೇಳಿದ್ರೆ ಗೊತ್ತಾಗಲ್ವೇನೋ?” ಎಂದು ಹಿಟ್ಟು ತೆಗೆಯಲು ಹೋದಳು. ಅಷ್ಟರಲ್ಲಿ ಈ ಗದ್ದಲದಿಂದ ಜಾಲದಲ್ಲಿ ನೂಕುನುಗ್ಗಲಾಗಿ, ಆಳು ಕಂಡರೆ ತಾನೇ ಹೊತ್ತಬೇಕಾದ ನಡುಮನೆಯ ದೀಪವು ಅಮ್ಮ ನಡುಮನೆಯನ್ನು ದಾಟಿ, ಅಡುಗೆಮನೆ ಸೇರಿ, ಹಾಲು ಒಲೆಯ ಮೇಲಿಟ್ಟ ಮೇಲೆ ಹೊತ್ತಿಕೊಳ್ಳತೊಡಗಿತು.

ಬುದ್ಧಿ ಬಂದ ಮೇಲೆ ಮನುಷ್ಯ ಇನ್ನೊಂದು ತುದಿಗೇ ಹೋಗಿ ನಿಲ್ಲುತ್ತಾನೆ. 50 ವಾಟ್ ವ್ಯತ್ಯಾಸವಾಗದ ಹೊರತು ಯಾರೂ ತುಟಿ ಬಿಚ್ಚಕೂಡದು ಎಂದು ಎಂಟಕ್ಕೂ ಆಜ್ಞೆ ಮಾಡಿದೆ. ಈ ಬಾರಿ ಹತ್ತರಿಂದ ಗುಣಿಸುವುದನ್ನು ಮರೆಯಲಿಲ್ಲ. ಸುಮ್ಮಸುಮ್ಮನೆ ಬರುವ ವರದಿಗಳೂ ಬೇಡವೆಂದು ಗರಿಷ್ಠ ಅವಧಿಯನ್ನು 65000 ಸೆಕೆಂಡಿಗೆ, ಅಂದರೆ ಸುಮಾರು ಹದಿನೆಂಟು ಗಂಟೆಗೆ ಏರಿಸಿದೆ. ಮನೆಯಲ್ಲಿ ಮೌನ ನೆಲೆಸಿತು, ದೀಪವೂ ಹೊತ್ತಿಗೆ ಸರಿಯಾಗಿ ಹೊತ್ತಿತು.

ವಾಷಿಂಗ್ ಮಷೀನಿಗೆ ನಾನೊಂದು ವಿಶೇಷ ಏರ್ಪಾಡು ಮಾಡಿದ್ದೆ. ಅದು ಎಳೆಯುವ ವಿದ್ಯುತ್ತು 5 ವಾಟಿಗಿಂತ ಕೆಳಗಿಳಿದರೆ ನಡುಮನೆಯ ಸ್ಪೀಕರು “ಬಟ್ಟೆ ಒಗೆದಾಯಿತು” ಎಂದು ಗಟ್ಟಿಯಾಗಿ ಸಾರಬೇಕು. ಮರುದಿನ ಬೆಳಿಗ್ಗೆ ಒಂಬತ್ತಕ್ಕೆ ಮಷೀನು ಬಟ್ಟೆಯನ್ನು ಹಿಂಡಿ ಮುಗಿಸಿತು. 300 ವಾಟಿನಿಂದ 30ಕ್ಕೆ ಇಳಿದದ್ದನ್ನು ಪ್ಲಗ್ಗು ನಿಷ್ಠೆಯಿಂದ ತಿಳಿಸಿತು. ಕೊನೆಯ ನೀರನ್ನು ಹೊರಹಾಕಿ ಮಷೀನು 30ರಿಂದ 1ಕ್ಕೆ ಇಳಿದಾಗ ವ್ಯತ್ಯಾಸ ಬರೀ 29. ಆಜ್ಞೆಯಂತೆ ಅದು ಬಾಯಿ ಮುಚ್ಚಿಕೊಂಡಿತು. ಕಂಪ್ಯೂಟರಿನ ಲೆಕ್ಕದಲ್ಲಿ ದಿನವಿಡೀ ಬಟ್ಟೆ ಒಗೆಯುತ್ತಲೇ ಇತ್ತು, ನಾನು ಫೋನಿನಲ್ಲಿ ಅದನ್ನು ನೋಡುತ್ತ “ಇನ್ನೂ ಆಗಿಲ್ಲ” ಎಂದು ಅಮ್ಮನನ್ನು ತಡೆಯುತ್ತಲೇ ಇದ್ದೆ. ಪಕ್ಕದ ಕೋಣೆಗೆ ಹತ್ತು ಹೆಜ್ಜೆ ನಡೆದು ನೋಡುವುದು ನನ್ನ ತಂತ್ರಜ್ಞಾನಕ್ಕೆ ಮಾಡುವ ಅವಮಾನವೆಂದು ತೋರಿತ್ತು.

ಹದಿನೆಂಟು ಗಂಟೆ ತುಂಬಿದ್ದು ನಡುರಾತ್ರಿ ಮೂರಕ್ಕೆ. ಪ್ಲಗ್ಗು ಒಂದು ವಾಟ್ ಎಂಬ ಸತ್ಯವನ್ನು ನುಡಿಯಿತು. ಸ್ಪೀಕರು ಇಡೀ ಮನೆಗೆ, ಬಹುಶಃ ಎದುರುಮನೆಗೂ, ಬಟ್ಟೆ ಒಗೆದಾಯಿತೆಂದು ಸಾರಿತು. ಎದ್ದು ಕೂತ ಅಮ್ಮ, “ಯಾರೋ ಅದು, ಈ ಹೊತ್ತಲ್ಲಿ ಬಟ್ಟೆ ಒಗೆಯೋರು?” ಎಂದಳು. ಮಷೀನಿನ ಮುಚ್ಚಳ ತೆಗೆದಾಗ ಬಂದ ಮುಗ್ಗಲು ವಾಸನೆ ನನ್ನ ಪರವಾಗಿ ಉತ್ತರ ಕೊಟ್ಟಿತು. ಅಷ್ಟನ್ನೂ ಮತ್ತೊಮ್ಮೆ ಒಗೆಯಬೇಕಾಯಿತು, ಆ ಯೂನಿಟ್ಟುಗಳೂ ನನ್ನ ಖಾತೆಗೇ.

ಈಗ ವಾಷಿಂಗ್ ಮಷೀನಿಗೆ 2 ವಾಟ್, ಗೀಜರಿಗೆ 100, ಫ್ರಿಜ್ಜಿಗೆ 20 ಎಂದು ಒಂದೊಂದಕ್ಕೂ ಅದರದರ ಸ್ವಭಾವ ನೋಡಿ ಕೊಟ್ಟಿದ್ದೇನೆ. ಗರಿಷ್ಠ ಅವಧಿ ಐದು ನಿಮಿಷ. ಖರ್ಚಾದ ಒಟ್ಟು ಯೂನಿಟ್ಟನ್ನು ಪ್ಲಗ್ಗು ತನ್ನೊಳಗೇ ಕೂಡಿಸಿಕೊಳ್ಳುತ್ತ ಹೋಗುವುದರಿಂದ, ಅದು ಮಾತಾಡಿದರೂ ಬಿಟ್ಟರೂ ತಿಂಗಳ ಲೆಕ್ಕ ಕೆಡುವುದಿಲ್ಲ ಎಂಬುದನ್ನು ಇಷ್ಟೆಲ್ಲ ಆದ ಮೇಲೆ ಓದಿಕೊಂಡೆ.

ಆದರೂ ಆ ತಿಂಗಳ ಬಿಲ್ಲು 137 ಯೂನಿಟ್ ತೋರಿಸಿತು. ನನ್ನ ಫೋನಿನ ಲೆಕ್ಕಕ್ಕೂ ಅಮ್ಮನ ಕ್ಯಾಲೆಂಡರಿಗೂ ತಾಳೆಯಾಗಲಿಲ್ಲ. ಕ್ಯಾಲೆಂಡರಿಗೂ ಬಿಲ್ಲಿಗೂ ಆಯಿತು. ರಾತ್ರಿ ರೌಟರೊಂದನ್ನು ಬಿಟ್ಟು ಎಲ್ಲವನ್ನೂ ಫೋನಿನಿಂದಲೇ ಆರಿಸಿ, ಅಮ್ಮನನ್ನು ಕರೆದುಕೊಂಡು ಮೀಟರಿನ ಮುಂದೆ ನಿಂತೆ. ಒಂದು ಯೂನಿಟ್ಟಿಗೆ 3200 ಸಲ ಮಿನುಗುವ ಅದರ ಕೆಂಪು ದೀಪ ಸುಮಾರು ನಿಮಿಷಕ್ಕೊಮ್ಮೆ ಮಿನುಗುತ್ತಲೇ ಇತ್ತು. ಎಂಟು ಪ್ಲಗ್ಗುಗಳು ಎಚ್ಚರವಾಗಿರಲು ತಲಾ ಒಂದು ವಾಟ್, ಕಂಪ್ಯೂಟರಿಗೆ ನಾಲ್ಕು. ಹಗಲಿರುಳು ಸೇರಿ ತಿಂಗಳಿಗೆ ಎಂಟೂವರೆ ಯೂನಿಟ್ಟಿನ ಮೇಲೆ. ತಮ್ಮ ಊಟದ ಲೆಕ್ಕವನ್ನು ಮಾತ್ರ ಅವು ಎಲ್ಲಿಯೂ ಬರೆದಿರಲಿಲ್ಲ.

“ಎಲ್ಲಾ ಆರಿಸಿದ್ದೀನಿ ಅಂದ್ಯಲ್ಲ,” ಎಂದಳು ಅಮ್ಮ, “ಮತ್ತೆ ಇದು ಯಾರಿಗೋ ಕಣ್ಣು ಹೊಡೀತಿರೋದು?”