ಎರಡು ಮಹಡಿಗಳ ನಡುವಿನ ಸತ್ಯ

‘ಕಾಮಾಲೆ ಕಣ್ಣಿಗೆ ಕಾಣೋದೆಲ್ಲ ಹಳದಿ’ ಎಂದು ಇನ್ನೊಬ್ಬರ ಬಗ್ಗೆ ಹೇಳುವಾಗ ನಮಗೆಲ್ಲ ಅದೇನೋ ಖುಷಿ. ಆದರೆ ವೈದ್ಯರ ಲೆಕ್ಕದಲ್ಲಿ ಈ ಗಾದೆ ಸ್ವಲ್ಪ ತಿರುವುಮುರುವು. ರಕ್ತದಲ್ಲಿ ಬಿಲಿರುಬಿನ್ ಎಂಬ ಹಳದಿ ವಸ್ತು ಹೆಚ್ಚಾದಾಗ ಕಣ್ಣಿನ ಬಿಳಿಭಾಗ ಹಳದಿಯಾಗುತ್ತದೆ, ನಿಜ. ರೋಗಿಗೆ ಮಾತ್ರ ಲೋಕ ಎಂದಿನಂತೆಯೇ ಕಾಣುತ್ತಿರುತ್ತದೆ. ಹಳದಿ ಕಾಣುವುದು ಅವನ ಎದುರಿಗೆ ನಿಂತವರಿಗೆ. ನನ್ನನ್ನು ಕೇಳಿದರೆ ಗಾದೆ ಈಗಲೇ ಹೆಚ್ಚು ಸರಿಯಾಯಿತು. ನಮ್ಮ ಕಣ್ಣು ನೆಟ್ಟಗಿದೆ, ಪಕ್ಕದವರದ್ದೇ ಯಾಕೋ ಹಳದಿ ಎಂದುಕೊಳ್ಳದವರು ಯಾರಿದ್ದಾರೆ?

ಒಂದು ಸಂಜೆ ಕರೆಂಟು ಹೋಗಿ ನಮ್ಮ ಕಟ್ಟಡದ ಲಿಫ್ಟು ಎರಡು ಮಹಡಿಗಳ ನಡುವೆ ನಿಂತುಬಿಟ್ಟಿತು. ಒಳಗೆ ನಾವೊಂದಷ್ಟು ಜನ, ಒಂದು ಮಿಣುಕು ದೀಪ, ಮೇಲೆ ಗಾಳಿಯಾಡಲು ಒಂದು ಜಾಲರಿ. ಆ ಜಾಲರಿಯ ಕೆಳಗೇ ಇಬ್ಬರು ಹೆಂಗಸರು ನಿಂತಿದ್ದರು. ಒಬ್ಬರು “ಉಸಿರೇ ಕಟ್ತಾ ಇದೆಯಪ್ಪಾ” ಎನ್ನುತ್ತ ಕೈಯಲ್ಲಿದ್ದ ಲಕೋಟೆಯಿಂದ ಪಟಪಟ ಗಾಳಿ ಬೀಸಿಕೊಳ್ಳತೊಡಗಿದರು. ಇನ್ನೊಬ್ಬರು “ಮೇಲಿಂದ ಎಂಥಾ ಥಂಡಿ ಗಾಳಿ ಬರ್ತಿದೆ ನೋಡಿ” ಎಂದು ಸೆರಗು ಹೊದ್ದುಕೊಂಡರು. ಲಕೋಟೆಯ ಗಾಳಿಯೇ ಅವರಿಗೆ ಥಂಡಿಯಾಗುತ್ತಿದೆಯೇನೋ ಎಂಬ ಅನುಮಾನ ನನಗೆ ಬಂತು. ಹೇಳಿ ಇನ್ನೊಂದು ಜಗಳಕ್ಕೆ ದಾರಿ ಮಾಡಲಿಲ್ಲ.

ಶಾಲೆಯ ಚೀಲ ಹೊತ್ತ ಹುಡುಗ, “ಅಮ್ಮಾ, ನಾವೀಗ ಯಾವ ಫ್ಲೋರಲ್ಲಿದ್ದೀವಿ?” ಎಂದ.

“ಯಾವುದರಲ್ಲೂ ಇಲ್ಲ ಕಣೋ.”

“ಹಾಗಾದ್ರೆ ಇವತ್ತು ಹೋಮ್‌ವರ್ಕ್ ಇಲ್ಲ!” ಎಂದು ಕುಣಿದ. ಅವನು ಕುಣಿದದ್ದಕ್ಕೆ ಲಿಫ್ಟು ತುಸು ಅಲುಗಿತು. ಮೂಲೆಯ ಯಜಮಾನರು “ರಾಮ ರಾಮಾ” ಎಂದು ಗೋಡೆಗೆ ಅಂಟಿಕೊಂಡರು. ಇತ್ತ ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡಿದ್ದ ಯುವಕ ಫೋನು ನೋಡಿದ, ಸಿಗ್ನಲ್ ಇಲ್ಲ. ಗಾಬರಿಯಾದಾನು ಎಂದುಕೊಂಡೆ. ಅವನ ಮುಖ ಅರಳಿತು. ಸಿಗ್ನಲ್ಲು ಎಲ್ಲಾದರೂ ತಪ್ಪಿ ಬಂದುಬಿಟ್ಟೀತೆಂದು ಫೋನನ್ನು ಚೀಲದ ತಳಕ್ಕೆ ತುರುಕಿ, ಕಣ್ಮುಚ್ಚಿ ಒರಗಿಕೊಂಡ.

ಯಜಮಾನರಿಗೆ ಧೈರ್ಯ ಹೇಳೋಣವೆಂದು ನಾನು ವಿಜ್ಞಾನ ಶುರುಮಾಡಿದೆ. ಲಿಫ್ಟಿನ ಬ್ರೇಕನ್ನು ಬಿಡಿಸಿ ಹಿಡಿಯುವುದಕ್ಕೇ ಕರೆಂಟು ಬೇಕು. ಕರೆಂಟು ಹೋದರೆ ಸ್ಪ್ರಿಂಗಿನ ಒತ್ತಡಕ್ಕೆ ಬ್ರೇಕು ತಾನಾಗಿ ಬಿಗಿಯುತ್ತದೆ, ಹಾಗಾಗಿ ನಿಂತಿದೆ ಎಂದರೆ ಭದ್ರವಾಗಿದೆ ಎಂದೇ ಅರ್ಥ ಎಂದೆ. ಅವರು ಒಪ್ಪಿದಂತೆ ಕಾಣಲಿಲ್ಲ. ಉತ್ಸಾಹ ಹೆಚ್ಚಾಗಿ ಎಲಿಷಾ ಓಟಿಸ್‌ನ ಕಥೆಯನ್ನೂ ಹೇಳಿದೆ: 1854ರಲ್ಲಿ ನ್ಯೂಯಾರ್ಕಿನಲ್ಲಿ ಜನರ ಎದುರಿಗೇ ಆತ ಎತ್ತರದ ಅಟ್ಟಣಿಗೆಯ ಮೇಲೆ ನಿಂತು, ಅದನ್ನು ಹಿಡಿದಿದ್ದ ಹಗ್ಗ ಕತ್ತರಿಸಿ ಹಾಕಿಸಿದ, ಅವನೇ ಕಂಡುಹಿಡಿದ ಸಾಧನ ಅಟ್ಟಣಿಗೆಯನ್ನು ಬೀಳದಂತೆ ಕಚ್ಚಿ ಹಿಡಿಯಿತು.

ಯಜಮಾನರ ಕಿವಿಗೆ ಬಿದ್ದದ್ದು ಎರಡೇ ಪದ. “ಹಗ್ಗ ಕತ್ತರಿಸ್ತಾರಾ?”

ಅಷ್ಟರಲ್ಲಿ ಕರೆಂಟು ಬಂತು.

ಹೊರಗೆ ಕಾಲಿಟ್ಟಿದ್ದೇ ತಡ, ಎಷ್ಟು ಹೊತ್ತು ಸಿಕ್ಕಿಬಿದ್ದಿದ್ದೆವು ಎಂಬ ವಾದ ಶುರು. ಯಜಮಾನರ ಪ್ರಕಾರ ಮುಕ್ಕಾಲು ಗಂಟೆ. ಯುವಕನಿಗೆ “ಒಂದೈದು ನಿಮಿಷ ಇರಬಹುದು”, ಅದೂ ಬೇಸರದ ದನಿಯಲ್ಲಿ. ಲಕೋಟೆಯವರು ಕೈಗಡಿಯಾರವನ್ನೇ ಎಲ್ಲರ ಮುಖಕ್ಕೆ ಹಿಡಿದರು, ಆದರೆ ಲಿಫ್ಟು ನಿಂತಾಗ ಯಾರೂ ಗಡಿಯಾರ ನೋಡಿರಲಿಲ್ಲವಲ್ಲ!

ಒಂದೇ ಘಟನೆ ಒಬ್ಬೊಬ್ಬರಿಗೆ ಒಂದೊಂದು ಥರ ಕಾಣುತ್ತದೆ ಎಂಬುದಕ್ಕೆ ಒಂದು ಪ್ರಸಿದ್ಧ ಪುರಾವೆಯೇ ಇದೆ. 1951ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ ಮತ್ತು ಡಾರ್ಟ್‌ಮತ್ ಕಾಲೇಜುಗಳ ನಡುವೆ ಒಂದು ಒರಟು ಫುಟ್‌ಬಾಲ್ ಪಂದ್ಯ ನಡೆಯಿತು. ಒಬ್ಬನ ಮೂಗು ಮುರಿಯಿತು, ಎದುರು ಪಾಳೆಯದಲ್ಲಿ ಇನ್ನೊಬ್ಬನ ಕಾಲು. ಆಮೇಲೆ ಹ್ಯಾಸ್ಟಾರ್ಫ್ ಮತ್ತು ಕ್ಯಾಂಟ್ರಿಲ್ ಎಂಬ ಮನೋವಿಜ್ಞಾನಿಗಳು ಎರಡೂ ಕಡೆಯ ವಿದ್ಯಾರ್ಥಿಗಳಿಗೆ ಆ ಪಂದ್ಯದ ಒಂದೇ ಫಿಲ್ಮು ತೋರಿಸಿ, ತಪ್ಪಾಟಗಳನ್ನು ಎಣಿಸಿ ಎಂದರು. ಡಾರ್ಟ್‌ಮತ್ ತಂಡದ ತಪ್ಪುಗಳು ಆ ಕಾಲೇಜಿನವರಿಗೆ ಎಷ್ಟು ಕಂಡವೋ, ಪ್ರಿನ್ಸ್‌ಟನ್‌ನವರಿಗೆ ಅದರ ಎರಡರಷ್ಟಕ್ಕಿಂತ ಹೆಚ್ಚು ಕಂಡವು. 1954ರಲ್ಲಿ ಇದು ಪ್ರಕಟವಾಯಿತು. ಅಲ್ಲಿ ಯಾರೂ ಬೇಕೆಂದು ಸುಳ್ಳು ಹೇಳಿರಲಿಲ್ಲ ಎಂಬುದೇ ಮಜಾ. ಸುಳ್ಳಾಗಿದ್ದರೆ ಹಿಡಿಯುವುದು ಸುಲಭವಿತ್ತು.

ಕೊನೆಗೆ ಲಿಫ್ಟ್ ಮೆಕ್ಯಾನಿಕ್ ಬಂದ. ಮೇಲೆ ಹತ್ತಿದ, ಇಳಿದ, ಕೈ ಒರೆಸಿಕೊಂಡು ಒಂದೇ ಮಾತು ಹೇಳಿದ: “ಲಿಫ್ಟ್ ಸರಿಯಾಗಿದೆ ಸಾರ್, ಅದಕ್ಕೇ ನಿಂತಿದ್ದು.”

“ನಾನು ಹೇಳಲಿಲ್ವಾ, ಸುಮ್ಸುಮ್ನೆ ಹೆದರ್ತಾರೆ ಅಂತ” ಎಂದ ಯುವಕ. “ನಾನು ಹೇಳಲಿಲ್ವಾ, ಸರಿಯಾಗಿದ್ರೂ ನಿಲ್ಲುತ್ತೆ, ಇದನ್ನ ನಂಬೋ ಹಾಗಿಲ್ಲ ಅಂತ” ಎಂದು ಯಜಮಾನರು ಮೆಟ್ಟಿಲು ಹತ್ತತೊಡಗಿದರು. ಹುಡುಗ ಮಾತ್ರ ಮೆಕ್ಯಾನಿಕ್‌ನ ಅಂಗಿ ಜಗ್ಗಿ ಕೇಳಿದ: “ಅಂಕಲ್, ನಾಳೆ ಪರೀಕ್ಷೆ ಇದೆ. ಬೆಳಿಗ್ಗೆ ಎಂಟೂವರೆಗೆ ಇನ್ನೊಂದ್ಸಲ ನಿಲ್ಲುತ್ತಾ?”