ಶಾಲು, ಹಾರ, ಹಣ್ಣಿನ ಬುಟ್ಟಿ: ಊರ ಹೆಣ್ಣುಮಕ್ಕಳಿಗೆ ಈ ಸನ್ಮಾನ ಬೇಕಾ?

ಮಾರ್ಚ್ 8 ಹತ್ತಿರ ಬಂತು ಅಂದರೆ ತಾಲ್ಲೂಕು ಪೇಟೆಗಳಲ್ಲಿ ಶಾಲಿನ ವ್ಯಾಪಾರ ಜೋರು. ಸೂಲಗಿತ್ತಿ, ಆಶಾ ಕಾರ್ಯಕರ್ತೆ, ಪಂಚಾಯ್ತಿ ಅಧ್ಯಕ್ಷೆ, ಸ್ತ್ರೀಶಕ್ತಿ ಸಂಘದ ಮುಖ್ಯಸ್ಥೆ ಎಲ್ಲರನ್ನೂ ವೇದಿಕೆಗೆ ಕರೆಯುತ್ತಾರೆ. ಇದರಿಂದ ಅವರಿಗೇನಾದರೂ ಸಿಗುತ್ತದಾ? ಇಲ್ಲಿ ಇಬ್ಬರು ಬರೆದಿದ್ದಾರೆ. ಒಬ್ಬರು ಅಂಗನವಾಡಿ ಕಾರ್ಯಕರ್ತೆಯ ಮಗಳು. ಇನ್ನೊಬ್ಬರು ಇಂಥ ಕಾರ್ಯಕ್ರಮಗಳಲ್ಲಿ ಮೈಕ್ ಹಿಡಿಯುವ ನಿರೂಪಕ.

ಪರ: 'ಶ್ರೀಮತಿ'ಗೂ ಒಂದು ಹೆಸರಿದೆ

ನಮ್ಮಮ್ಮ 27 ವರ್ಷ ಅಂಗನವಾಡಿ ನಡೆಸಿದವರು. ಊರಲ್ಲಿ ಅವರ ಹೆಸರು ಎಷ್ಟು ಜನಕ್ಕೆ ಗೊತ್ತಿತ್ತು ಅಂತ ಕೇಳಿದರೆ ನನಗೇ ಅನುಮಾನ. ಮಕ್ಕಳಿಗೆ ಅವರು ಟೀಚರಮ್ಮ. ದೊಡ್ಡವರಿಗೆ ನಮ್ಮಪ್ಪನ ಹೆಂಡತಿ. ನಮ್ಮ ಕಡೆಯ ಮದುವೆ ಕಾರ್ಡು ನೋಡಿದ್ದೀರಲ್ಲ? 'ಶ್ರೀಮತಿ ಮತ್ತು ಶ್ರೀ' ಅಂತ ಶುರು ಮಾಡಿ, ಆಮೇಲೆ ಹಾಕುವುದು ಒಂದೇ ಹೆಸರು. ಅಕ್ಕನ ಮದುವೆ ಕಾರ್ಡಲ್ಲೂ ಹಾಗೇ ಆಯ್ತು. ಹೆತ್ತವಳ ಹೆಸರು ಎಲ್ಲಿ ಅಂತ ಯಾರೂ ಕೇಳಲಿಲ್ಲ. ಅಮ್ಮನೂ ಕೇಳಲಿಲ್ಲ.

ಕೆಲವು ವರ್ಷಗಳ ಹಿಂದೆ ಪಕ್ಕದ ಹೋಬಳಿಯ ಯುವಕ ಸಂಘದವರು ಮಹಿಳಾ ದಿನಕ್ಕೆ ಐದು ಜನರಿಗೆ ಸನ್ಮಾನ ಇಟ್ಟುಕೊಂಡರು. ಆಹ್ವಾನ ಪತ್ರಿಕೆಯಲ್ಲಿ ಅಮ್ಮನ ಪೂರ್ತಿ ಹೆಸರು, ಇನಿಷಿಯಲ್ ಸಮೇತ. ಅಪ್ಪ ಅದನ್ನು ಕೈಯಲ್ಲಿ ಹಿಡಿದು ಎರಡು ಸಲ ಓದಿದರು. ಆಮೇಲೆ ಟಿವಿ ಮೇಲೆ ಒರಗಿಸಿಟ್ಟರು. ಅಲ್ಲಿಂದ ಅದು ಇಳಿದದ್ದು ದೀಪಾವಳಿಗೆ ಮನೆಗೆ ಸುಣ್ಣ ಹೊಡೆಯುವಾಗ.

ಸುಮ್ನೆ ಒಂದು ಶಾಲು ಅಂತ ನಗಬಹುದು. ಆದರೆ ಅದಾದ ಮೇಲೆ ಏನಾಯ್ತು ಕೇಳಿ. ಅಂಗನವಾಡಿ ಕಟ್ಟಡ ಎರಡು ಮಳೆಗಾಲದಿಂದ ಸೋರುತ್ತಿತ್ತು. ಅಮ್ಮ ಅರ್ಜಿ ಕೊಟ್ಟು ಕೊಟ್ಟು ಸಾಕಾಗಿದ್ದರು. ಸನ್ಮಾನದ ಫೋಟೋ ಪೇಪರಲ್ಲಿ ಬಂದ ಮೇಲೆ ಅದೇ ಅರ್ಜಿ ಹಿಡಿದು ಮತ್ತೆ ಹೋದರು. ಈ ಸಲ ಕುರ್ಚಿ ಹಾಕಿ ಕೂರಿಸಿದರು, ಟೀ ತರಿಸಿದರು. ತಿಂಗಳೊಳಗೆ ಹೆಂಚು ಬದಲಾಯ್ತು. ಕಾಗದ ಅದೇ, ಕೇಳಿದವರೂ ಅವರೇ. ಕೇಳಿಸಿಕೊಳ್ಳುವವರ ಕಿವಿ ಮಾತ್ರ ಬೇರೆ ಆಗಿತ್ತು.

ದೊಡ್ಡ ಮಟ್ಟದಲ್ಲೂ ಹೀಗೇ ಆಗಿದೆ. ಹುಲಿಕಲ್ಲಿನ ಸಾಲುಮರದ ತಿಮ್ಮಕ್ಕನವರಿಗೆ ಪದ್ಮಶ್ರೀ ಬಂದಿದ್ದು 2019ರಲ್ಲಿ. ಅದೇ ವರ್ಷ ಬಾಗೇಪಲ್ಲಿ–ಹಲಗೂರು ರಸ್ತೆ ಅಗಲ ಮಾಡುವ ಕೆಲಸಕ್ಕೆ ಅವರು ಬೆಳೆಸಿದ ಆಲದ ಮರಗಳು ಅಡ್ಡ ಬಂದವು. ಹುಲಿಕಲ್ಲಿನಿಂದ ಕುದೂರಿನವರೆಗೆ, ನೀರು ಹೊತ್ತು ಹಾಕಿ ಬೆಳೆಸಿದ 385 ಮರಗಳ ಸಾಲು ಅದು. ತಿಮ್ಮಕ್ಕ ನೇರವಾಗಿ ಮುಖ್ಯಮಂತ್ರಿಗಳ ಹತ್ತಿರ ಹೋದರು. ಮರಗಳಿಗೆ ತೊಂದರೆ ಆಗದ ಹಾಗೆ ಬೇರೆ ದಾರಿ ನೋಡಿ ಅಂತ ಅಧಿಕಾರಿಗಳಿಗೆ ಸೂಚನೆ ಹೋಯ್ತು. ಹಳ್ಳಿಯ ಇನ್ನೊಬ್ಬ ಅಜ್ಜಿ ಹೋಗಿದ್ದರೆ ಗೇಟಿನೊಳಗೆ ಬಿಡುತ್ತಿದ್ದರಾ? ನನಗೆ ನಂಬಿಕೆ ಇಲ್ಲ.

ಇನ್ನೊಂದು ಮಾತು. ಸನ್ಮಾನ ತಗೊಳ್ಳುವವರು ತಲೆ ತಗ್ಗಿಸಿ ನಿಂತಿರುತ್ತಾರೆ ಅಂತ ಅಂದುಕೊಳ್ಳಬೇಡಿ. 2021ರ ನವೆಂಬರಿನಲ್ಲಿ ಪದ್ಮಶ್ರೀ ತಗೊಳ್ಳಲು, ಸಾವಿರಾರು ಗಿಡ ಬೆಳೆಸಿದ ಅಂಕೋಲಾದ ತುಳಸಿ ಗೌಡರು ತಮ್ಮ ಹಾಲಕ್ಕಿ ಬುಡಕಟ್ಟಿನ ಉಡುಗೆಯಲ್ಲಿ, ಬರಿಗಾಲಲ್ಲಿ ರಾಷ್ಟ್ರಪತಿ ಭವನದ ಕೆಂಪು ಹಾಸಿನ ಮೇಲೆ ನಡೆದು ಬಂದರು. ಜೋಗತಿ ನೃತ್ಯದ ಕಲಾವಿದೆ ಮಂಜಮ್ಮ ಜೋಗತಿಯವರಂತೂ ಸೆರಗು ಹಿಡಿದು ರಾಷ್ಟ್ರಪತಿಗಳಿಗೇ ದೃಷ್ಟಿ ತೆಗೆದರು! ಆ ಕ್ಷಣಕ್ಕೆ ಯಾರು ಯಾರನ್ನು ಗೌರವಿಸಿದರು ಹೇಳಿ. ಟಿವಿ ಮುಂದೆ ಕೂತಿದ್ದ ನಮ್ಮಮ್ಮ 'ನೋಡೇ, ನಮ್ಮ ಹಾಗೇ ಸೀರೆ ಉಟ್ಟಿದ್ದಾರೆ' ಅಂದರು.

ನಮ್ಮಲ್ಲಿ ಪಂಚಾಯ್ತಿಗಳಲ್ಲಿ ಅರ್ಧ ಸೀಟು ಹೆಂಗಸರಿಗೆ ಅಂತ ಕಾನೂನಾಗಿ 15 ವರ್ಷ ಮೇಲಾಯ್ತು. ಸೀಟು ಬಂತು. ಆದರೆ ಒಬ್ಬಳು ಮುಂದೆ ನಿಂತರೆ ಊರು ಮೊದಲು ಕೇಳುವುದು 'ಇವಳ್ಯಾರು' ಅಂತ. ಐನೂರು ಜನರ ಮುಂದೆ, ಹೆಸರು ಹಿಡಿದು, ಇವರು ಇಂಥ ಕೆಲಸ ಮಾಡಿದ್ದಾರೆ ಅಂತ ಒಂದು ಸಲ ಹೇಳಿದರೆ ಆ ಪ್ರಶ್ನೆಗೆ ಉತ್ತರ ಸಿಕ್ಕ ಹಾಗೆ. ಸನ್ಮಾನದಲ್ಲಿ ಬೂಟಾಟಿಕೆ ಇಲ್ಲ ಅಂತ ನಾನು ಹೇಳುವುದಿಲ್ಲ. ಬೇಕಾದಷ್ಟಿದೆ. ಆದರೆ ಗಂಡಸರಿಗೆ ನೂರು ವರ್ಷದಿಂದ ಶಾಲು ಹೊದಿಸುವಾಗ ಯಾರಿಗೂ ಕಾಣದ ಬೂಟಾಟಿಕೆ, ನಮ್ಮಮ್ಮನ ಸರದಿ ಬಂದಾಗಲೇ ಕಂಡಿದ್ದು ಸೋಜಿಗ ಅಲ್ವಾ?

ವಿರೋಧ: 'ಸಮಯದ ಅಭಾವದಿಂದ...'

ನನ್ನ ಕೆಲಸ ನಿರೂಪಣೆ. ಜೊತೆಗೆ ಬಿನ್ನವತ್ತಳೆ, ಅಂದರೆ ಸನ್ಮಾನಿತರಿಗೆ ಕೊಡುವ ಹೊಗಳಿಕೆಯ ಪತ್ರ, ಬರೆದುಕೊಡುತ್ತೇನೆ. ನಿಜ ಹೇಳಿಬಿಡುತ್ತೇನೆ, ನನ್ನ ಮೊಬೈಲಿನಲ್ಲಿ ಒಂದೇ ಬಿನ್ನವತ್ತಳೆ ಇದೆ. 'ತ್ಯಾಗಮಯಿ, ಕರುಣಾಮಯಿ, ಎಲೆಮರೆಯ ಕಾಯಿ' ಅಂತ ಶುರುವಾಗುತ್ತದೆ. ಹೆಸರು, ಊರು ಬದಲಾಯಿಸಿ ಫ್ರೇಮ್ ಹಾಕುವ ಅಂಗಡಿಗೆ ಕಳಿಸುತ್ತೇನೆ. ಒಂದು ಸಲ ಊರು ಬದಲಾಯಿಸುವುದು ಮರೆತಿದ್ದೆ. ಯಾರೂ ಗಮನಿಸಲಿಲ್ಲ. ಅಂದರೆ ಯಾರೂ ಓದಿರಲಿಲ್ಲ.

ನಾವು ಗೌರವಿಸುವ ರೀತಿ ನೋಡಿ. ಕಾರ್ಯಕ್ರಮ ಹತ್ತೂವರೆಗೆ. ಮುಖ್ಯ ಅತಿಥಿ ಬರುವುದು ಒಂದು ಗಂಟೆಗೆ. ಅಲ್ಲಿವರೆಗೆ ಕಳಸ ಹಿಡಿದು ಬಿಸಿಲಲ್ಲಿ ನಿಲ್ಲುವವರು ಸಂಘದ ಹೆಣ್ಣುಮಕ್ಕಳೇ. ಅದು ಮಹಿಳಾ ದಿನ ಬೇರೆ. ಅಧ್ಯಕ್ಷೆಗೆ ಶಾಲು ಹೊದಿಸಲು ಕರೆದರೆ ಪಕ್ಕದಲ್ಲಿ ಗಂಡನೂ ಬಂದು ನಿಲ್ಲುತ್ತಾನೆ. ಬಂದವನನ್ನು ಹಾಗೇ ಕಳಿಸುವುದು ಹೇಗೆ, ಅವನಿಗೂ ಒಂದು ಶಾಲು. ಮಾರನೇ ದಿನ ಪಂಚಾಯ್ತಿಯಲ್ಲಿ ಕುರ್ಚಿ ಮೇಲೆ ಯಾರು ಕೂತಿರುತ್ತಾರೆ ಅಂತ ಬೇರೆ ಹೇಳಬೇಕಾ?

ಇನ್ನು ಉಡಿ ತುಂಬುವುದು. ಹೆಂಗಸರ ಸನ್ಮಾನ ಅಂದ ಮೇಲೆ ಅರಿಶಿನ ಕುಂಕುಮದ ತಟ್ಟೆ, ಕುಬುಸದ ಕಣ, ತೆಂಗಿನಕಾಯಿ ಇರಲೇಬೇಕು. ಒಂದು ವರ್ಷ ಸನ್ಮಾನಕ್ಕೆ ಕರೆದ ನಾಲ್ವರಲ್ಲಿ ಒಬ್ಬರು ಗಂಡನನ್ನು ಕಳೆದುಕೊಂಡವರು. ಊರಿನ ಅರ್ಧ ಮಕ್ಕಳನ್ನು ತನ್ನ ಕೈಯಲ್ಲಿ ಎತ್ತಿಕೊಂಡ ಸೂಲಗಿತ್ತಿ. ತಟ್ಟೆ ಹಿಡಿದ ಹುಡುಗಿ ಅವರ ಮುಂದೆ ಬಂದಳು, ತಡವರಿಸಿದಳು. ಹಿಂದಿನಿಂದ ಯಾರೋ ಕಣ್ಣು ಮಾಡಿದರು. ತಟ್ಟೆ ಅವರನ್ನು ದಾಟಿ ಮುಂದೆ ಹೋಯ್ತು. ಅಜ್ಜಿ ಮಡಿಲೊಡ್ಡಲು ಹಿಡಿದಿದ್ದ ಸೆರಗನ್ನು ಮೆಲ್ಲಗೆ ಬಿಟ್ಟು ಸರಿಮಾಡಿಕೊಂಡರು. ಗೌರವಿಸಲು ಕರೆಸಿದ್ದ ವೇದಿಕೆ ಅದು.

ಮೇಲೆ ಬರೆದವರು ತುಳಸಿ ಗೌಡರ ಬರಿಗಾಲನ್ನು ನೆನೆದಿದ್ದಾರೆ. ನನಗೂ ಅದು ಇಷ್ಟವೇ. ಆದರೆ ಅವರು ಅರಣ್ಯ ಇಲಾಖೆಯ ನರ್ಸರಿಯಲ್ಲಿ ದಶಕಗಳ ಕಾಲ ದಿನಗೂಲಿಯಾಗಿ ದುಡಿದವರು. ಪದಕ ಕೊಟ್ಟ ದಿನ ನಾವೆಲ್ಲ ಸ್ಟೇಟಸ್ ಹಾಕಿದೆವು. ದಿನಗೂಲಿಯ ವರ್ಷಗಳಲ್ಲಿ ಎಲ್ಲಿದ್ದೆವು? ಪಾವಗಡದ ಸೂಲಗಿತ್ತಿ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದರು, ಕಾಸು ತಗೊಳ್ಳದೆ. ಪದ್ಮಶ್ರೀ ಬಂದಿದ್ದು 2018ರಲ್ಲಿ, 90 ದಾಟಿದ ಮೇಲೆ. ಅದೇ ವರ್ಷ ಡಿಸೆಂಬರಿನಲ್ಲಿ ತೀರಿಕೊಂಡರು. ಅಂಕೋಲಾದ ಜಾನಪದ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರು ಸಾರಾಯಿ ವಿರುದ್ಧ ಊರೂರಿನ ಹೆಂಗಸರನ್ನು ಎಬ್ಬಿಸಿದವರು. ಅವರಿಗೆ ಪದ್ಮಶ್ರೀ ಬಂದಿದ್ದು ಕಲೆಯ ವಿಭಾಗದಲ್ಲಿ. ಹಾಡಿಗೆ ಚಪ್ಪಾಳೆ ಹೊಡೆಯುವುದು ಸುಲಭ. ಸಾರಾಯಿ ಅಂಗಡಿ ಮುಚ್ಚಿಸಿ ಅಂದರೆ ಯಾರ್ಯಾರಿಗೋ ಚುಚ್ಚುತ್ತದೆ.

ಎಲ್ಲಕ್ಕಿಂತ ಜಾಸ್ತಿ ನನ್ನನ್ನು ಕಾಡುವುದು ಒಂದು ಪದ: ಗೌರವಧನ. ಆಶಾ, ಅಂಗನವಾಡಿ ಕಾರ್ಯಕರ್ತೆಯರಿಗೆ ಕೊಡುವುದು ಸಂಬಳ ಅಲ್ಲವಂತೆ, ಗೌರವಧನ. ಹೆಸರಲ್ಲೇ ಗೌರವ ಇಟ್ಟು, ಧನದಲ್ಲಿ ಕಡಿಮೆ ಮಾಡಿದ್ದಾರೆ. ಕೋವಿಡ್ ಸಮಯದಲ್ಲಿ ಮನೆ ಮನೆ ತಿರುಗಿದ ಆಶಾಗಳಿಗೆ 2022ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೇ ಪ್ರಶಸ್ತಿ ಕೊಟ್ಟಿತು. ಅದಕ್ಕಿಂತ ದೊಡ್ಡ ಸನ್ಮಾನ ಎಲ್ಲಿದೆ? ಅದೇ ಆಶಾಗಳು 2025ರ ಜನವರಿ ಚಳಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಹಗಲು ರಾತ್ರಿ ಕೂತಿದ್ದರು. ಕೇಳಿದ್ದು ತಿಂಗಳಿಗೆ 15,000 ರೂಪಾಯಿ. ಸಿಕ್ಕಿದ್ದು 10,000 ಕೊಡುವ ಭರವಸೆ. ಅಂಗನವಾಡಿಯವರಿಗೆ ಗ್ರಾಚ್ಯುಟಿ ಸಿಗಬೇಕು ಅಂತ ಹೇಳಲಿಕ್ಕೂ 2022ರಲ್ಲಿ ಸುಪ್ರೀಂ ಕೋರ್ಟೇ ಬೇಕಾಯ್ತು. ಶಾಲು ಹೊದಿಸಿದವರು ಯಾರೂ ಆ ಕೇಸು ಹಾಕಿರಲಿಲ್ಲ.

ಆ ತಾಯಿಯ ಅಂಗನವಾಡಿಗೆ ಹೆಂಚು ಬಂತು, ಸಂತೋಷ. ಆದರೆ ನನಗೆ ಅರ್ಥವಾಗದ್ದು ಒಂದೇ. ಮಕ್ಕಳ ತಲೆ ಮೇಲೆ ನೀರು ಸೋರುತ್ತಿದೆ ಅನ್ನುವ ಅರ್ಜಿಗೆ ಪೇಪರ್ ಫೋಟೋ ಯಾಕೆ ಬೇಕು? ಸನ್ಮಾನ ಆಗದ ಪಕ್ಕದೂರಿನ ಟೀಚರಮ್ಮ ಇನ್ನೂ ಬಕೆಟ್ ಇಟ್ಟುಕೊಂಡು ಕೂತಿರಬೇಕು.

ಕಳೆದ ಸಲ ಒಬ್ಬ ಆಶಾ ಕಾರ್ಯಕರ್ತೆಗೆ ಸನ್ಮಾನ ಇತ್ತು. ಗುಲಾಬಿ ಸೀರೆ, ಮೇಲೆ ಶಾಲು, ಕೈಯಲ್ಲಿ ಹಣ್ಣಿನ ಬುಟ್ಟಿ. ಸನ್ಮಾನಿತರ ಪರವಾಗಿ ಎರಡು ಮಾತು ಅಂತ ನಾನೇ ಕರೆದೆ. ಅವರು ಬುಟ್ಟಿಯನ್ನು ಕೆಳಗಿಟ್ಟು ಮೈಕ್ ತಗೊಂಡರು. ಎಲ್ಲರಿಗೂ ನಮಸ್ಕಾರ ಹೇಳಿದರು. 'ಮೂರು ತಿಂಗಳಿಂದ ನಮ್ಮ ದುಡ್ಡು ಬಂದಿಲ್ಲ ಸರ್, ಇಲ್ಲಿ ಎಲ್ಲ ದೊಡ್ಡವರೂ ಇದ್ದೀರ, ಅದಕ್ಕೆ...' ಅಂದರು. ವೇದಿಕೆ ಮೇಲಿದ್ದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಆಯೋಜಕರು ನನ್ನ ಕಡೆ ನೋಡಿ ಕೈ ಸನ್ನೆ ಮಾಡಿದರು. 'ಸಮಯದ ಅಭಾವದಿಂದ ಈಗ ಮುಖ್ಯ ಅತಿಥಿಗಳ ಮಾತು' ಅಂದೆ. ಅವರ ಕೈಯಿಂದ ಮೈಕ್ ವಾಪಸ್ ತಗೊಂಡವನು ನಾನೇ. ಬುಟ್ಟಿಯನ್ನು ಮತ್ತೆ ಕೈಗೆ ಕೊಟ್ಟವನೂ ನಾನೇ.